75 ಪೆನ್ಸ್‌ನಿಂದ ಟ್ರಿಪಲ್ ಲಾಕ್‌ವರೆಗೆ: ಬ್ರಿಟನ್ನಿನ ಪಿಂಚಣಿ ಜಗಳದ ಹಿನ್ನೆಲೆ

ಬ್ರಿಟನ್ನಿನಲ್ಲಿ ಸರ್ಕಾರಿ ಪಿಂಚಣಿ ಪ್ರತಿ ಏಪ್ರಿಲ್‌ನಲ್ಲಿ ಏರುತ್ತದೆ. 2026ರ ಏಪ್ರಿಲ್‌ಗೆ ನಿಗದಿಯಾದ ಏರಿಕೆ ಶೇ 4.8. 2016ರ ಏಪ್ರಿಲ್‌ನಿಂದ ಈಚೆಗೆ ಪಿಂಚಣಿ ವಯಸ್ಸು ಮುಟ್ಟಿದವರಿಗೆ ಇರುವ ‘ಹೊಸ ಪಿಂಚಣಿ’ ಪೂರ್ತಿ ಸಿಕ್ಕರೆ ವಾರಕ್ಕೆ 241.30 ಪೌಂಡ್. ಈ ಏರಿಕೆಯನ್ನು ತೀರ್ಮಾನಿಸುವುದು ‘ಟ್ರಿಪಲ್ ಲಾಕ್’ ಎಂಬ ಭರವಸೆ. ಬೆಲೆ ಏರಿಕೆ, ಸರಾಸರಿ ಸಂಬಳದ ಏರಿಕೆ, ಇಲ್ಲವೇ ಶೇ 2.5: ಈ ಮೂರರಲ್ಲಿ ಯಾವುದು ಜಾಸ್ತಿಯೋ ಅಷ್ಟು ಪಿಂಚಣಿ ಏರಲೇಬೇಕು. ನಮ್ಮಲ್ಲಿ ನಿವೃತ್ತ ಸರ್ಕಾರಿ ನೌಕರರಿಗೆ ತುಟ್ಟಿಭತ್ಯೆ ಬೆಲೆಯ ಜೊತೆ ಮಾತ್ರ ಏರುತ್ತದೆ. ಅಲ್ಲಿ ದೇಶದ ಬಹುತೇಕ ಎಲ್ಲ ಹಿರಿಯರಿಗೂ ಈ ಮೂರು ಪಟ್ಟಿನ ಖಾತ್ರಿ ಇದೆ.

ಇದನ್ನು ಹೀಗೇ ಮುಂದುವರಿಸಲು ಆಗುತ್ತದೆಯೇ ಅನ್ನುವ ಪ್ರಶ್ನೆ ಈಗ ಜೋರಾಗಿದೆ. ಉತ್ತರ ಹುಡುಕುವ ಮೊದಲು, ಇಂಥ ಭರವಸೆ ಯಾಕೆ ಬೇಕಾಯಿತು ಎಂದು ನೋಡಬೇಕು.

ಅಲ್ಲಿ ವೃದ್ಧಾಪ್ಯ ಪಿಂಚಣಿ ಶುರುವಾಗಿದ್ದು 1909ರ ಜನವರಿ 1ರಂದು. 70 ದಾಟಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ 5 ಷಿಲಿಂಗ್, ಅಂದರೆ ಕಾಲು ಪೌಂಡ್. ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ದುಡಿಯುವಾಗ ಸರ್ಕಾರಿ ವಿಮೆಯ ಕಂತು ಕಟ್ಟಿದ ಎಲ್ಲರಿಗೂ ಸಿಗುವ ಪಿಂಚಣಿ ಬಂತು. ಇಲ್ಲಿ ಒಂದು ವಿಷಯ ಗಮನಿಸಬೇಕು. ಕಟ್ಟಿದ ಕಂತು ಯಾರ ಹೆಸರಿನಲ್ಲೂ ಕೂಡಿಟ್ಟ ಹಣವಲ್ಲ. ಇವತ್ತು ದುಡಿಯುವವರ ಕಂತಿನಿಂದಲೇ ಇವತ್ತಿನ ಹಿರಿಯರಿಗೆ ಪಿಂಚಣಿ ಹೋಗುತ್ತದೆ.

ಬೆಲೆ ಅಥವಾ ಸಂಬಳ, ಯಾವುದು ಜಾಸ್ತಿ ಏರಿದೆಯೋ ಅದರಂತೆ ಪಿಂಚಣಿ ಏರಬೇಕು ಎಂಬ ಕಾನೂನು 1970ರ ದಶಕದ ನಡುವೆ ಬಂತು. ತಂದವರು ಲೇಬರ್ ಪಕ್ಷದ ಸಚಿವೆ ಬಾರ್ಬರಾ ಕ್ಯಾಸಲ್. ಅದು ಬಾಳಿದ್ದು ಕೆಲವೇ ವರ್ಷ. 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಸಂಬಳದ ನಂಟನ್ನು ಕಿತ್ತುಹಾಕಿತು. ಇನ್ನು ಮೇಲೆ ಬೆಲೆ ಏರಿದಷ್ಟೇ ಪಿಂಚಣಿ ಏರಿಕೆ ಅಂದಿತು. ಒಂದು ವರ್ಷದ ಮಟ್ಟಿಗೆ ಇದು ಸಣ್ಣ ಕಡಿತ. ಆದರೆ ಸಂಬಳ ಬೆಲೆಗಿಂತ ವೇಗವಾಗಿ ಏರುತ್ತಾ ಹೋದಂತೆ ಅಂತರ ದೊಡ್ಡದಾಯಿತು. ಸರಾಸರಿ ಸಂಬಳದ ಸುಮಾರು ಕಾಲುಭಾಗದಷ್ಟಿದ್ದ ಮೂಲ ಪಿಂಚಣಿ, ಇಪ್ಪತ್ತು ವರ್ಷದಲ್ಲಿ ಆರನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು.

ಇದರ ಸಿಟ್ಟು ಸ್ಫೋಟಿಸಿದ್ದು 2000ನೇ ಇಸವಿಯಲ್ಲಿ. ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಲೆ ಏರಿಕೆ ಬರೀ ಶೇ 1.1 ಇತ್ತು. ಆಗಿನ ಲೇಬರ್ ಸರ್ಕಾರದ ಹಣಕಾಸು ಸಚಿವ ಗಾರ್ಡನ್ ಬ್ರೌನ್ ನಿಯಮದ ಪ್ರಕಾರವೇ ಲೆಕ್ಕ ಹಾಕಿದರು. ವಾರದ ಪಿಂಚಣಿ 66.75 ಪೌಂಡ್‌ನಿಂದ 67.50 ಪೌಂಡ್‌ಗೆ ಏರಿತು. ಅಂದರೆ ವಾರಕ್ಕೆ 75 ಪೆನ್ಸ್! ದೇಶದ ಆರ್ಥಿಕತೆ ಚೆನ್ನಾಗಿದ್ದ ಕಾಲ ಅದು, ಹಾಗಾಗಿ ಹಿರಿಯರಿಗೆ ಇದು ಅವಮಾನ ಅನ್ನಿಸಿತು. ಸೆಪ್ಟೆಂಬರ್‌ನಲ್ಲಿ ಬ್ರೈಟನ್‌ನಲ್ಲಿ ನಡೆದ ಲೇಬರ್ ಸಮ್ಮೇಳನದಲ್ಲಿ, 89 ವರ್ಷದ ಬಾರ್ಬರಾ ಕ್ಯಾಸಲ್ ತಮ್ಮ ಪಕ್ಷದ ನಾಯಕರ ವಿರುದ್ಧವೇ ನಿಂತು ಸಂಬಳದ ನಂಟನ್ನು ವಾಪಸ್ ಕೇಳಿದರು. ಮತದಾನದಲ್ಲಿ ನಾಯಕರು ಸೋತರು. ಮರುವರ್ಷ ಒಂದೇ ಸಲಕ್ಕೆ 5 ಪೌಂಡ್ ಏರಿಕೆ ಸಿಕ್ಕಿತು. ಇನ್ನು ಮುಂದೆ ಕನಿಷ್ಠ ಶೇ 2.5 ಏರಿಕೆ ಎಂಬ ಮಾತನ್ನೂ ಬ್ರೌನ್ ಕೊಟ್ಟರು. ಇವತ್ತಿನ ಶೇ 2.5 ಬಂದದ್ದು ಅಲ್ಲಿಂದ.

ಆಮೇಲೆ ಅಡೇರ್ ಟರ್ನರ್ ನೇತೃತ್ವದ ಪಿಂಚಣಿ ಆಯೋಗ ಬಂತು. ಸಂಬಳದ ನಂಟು ಮತ್ತೆ ಜೋಡಿಸಿ, ಅದರ ಖರ್ಚಿಗೆ ಪಿಂಚಣಿ ವಯಸ್ಸು ಏರಿಸಿ ಎಂದಿತು. 2007ರಲ್ಲಿ ಅದು ಕಾನೂನಾಯಿತು. 2010ರಲ್ಲಿ ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಾಟ್ ಮೈತ್ರಿ ಸರ್ಕಾರ ಮೂರನ್ನೂ ಒಟ್ಟಿಗೆ ಸೇರಿಸಿ ಟ್ರಿಪಲ್ ಲಾಕ್ ಘೋಷಿಸಿತು.

ಕಳೆದುಕೊಂಡಿದ್ದನ್ನು ವಾಪಸ್ ಕೊಡಲು ಬಂದ ಭರವಸೆ ಇದು. ಹಾಗಾಗಿ ಇದನ್ನು ಸುಮ್ನೆ ‘ವೋಟಿಗಾಗಿ ಹಂಚಿದ ದುಡ್ಡು’ ಅಂತ ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ಅದರ ಲೆಕ್ಕದಲ್ಲಿ ದೋಷ ಇರುವುದು ನಿಜ. ಅದು ಎದ್ದು ಕಂಡಿದ್ದು ಕೋವಿಡ್ ನಂತರ. ಬೆಲೆಗಳು ಗಗನಕ್ಕೇರಿದಾಗ, 2023ರ ಏಪ್ರಿಲ್‌ನಲ್ಲಿ ಪಿಂಚಣಿ ಶೇ 10.1 ಏರಿತು. ದುಡಿಯುವವರ ಸಂಬಳ ಆಗ ಹಿಂದೆ ಬಿದ್ದಿತ್ತು. ಮರುವರ್ಷ ಆ ಕೊರತೆ ತುಂಬಿಕೊಳ್ಳಲು ಸಂಬಳ ಏರಿದಾಗ, ಪಿಂಚಣಿ ಅದರ ಜೊತೆಗೂ ಶೇ 8.5 ಏರಿತು. ಎರಡೇ ವರ್ಷದಲ್ಲಿ 185.15 ಪೌಂಡ್ ಇದ್ದದ್ದು 221.20 ಆಯಿತು. ದುಡಿಯುವವರಿಗೆ ಒಂದು ವರ್ಷ ಏಟು, ಇನ್ನೊಂದು ವರ್ಷ ಪರಿಹಾರ. ಪಿಂಚಣಿಗೆ ಎರಡೂ ವರ್ಷ ಲಾಭ. ಬೆಲೆ, ಸಂಬಳ ಏರುಪೇರಾದಷ್ಟೂ ಈ ಹೆಚ್ಚುವರಿ ಬೆಳೆಯುತ್ತದೆ.

ಹಾಗಂತ ಹಿರಿಯರಿಗೆ ಎಲ್ಲ ವರ್ಷವೂ ಸುಗ್ಗಿಯಾಗಿರಲಿಲ್ಲ. 2022ರ ಏಪ್ರಿಲ್ ಏರಿಕೆಗೆ ಲೆಕ್ಕ ಹಾಕುವಾಗ ಸಂಬಳದ ಅಂಕಿ ಶೇ 8.3 ತೋರಿಸುತ್ತಿತ್ತು. ಕೋವಿಡ್‌ನಿಂದ ಅಂಕಿ ಏರುಪೇರಾಗಿದೆ ಎಂದು ಸರ್ಕಾರ ಒಂದು ವರ್ಷ ಸಂಬಳದ ಲೆಕ್ಕ ಬಿಟ್ಟು, ಶೇ 3.1 ಮಾತ್ರ ಕೊಟ್ಟಿತು. ಅದು ಕೈಗೆ ಬಂದ ತಿಂಗಳಲ್ಲಿ ಬೆಲೆ ಏರಿಕೆ ಶೇ 9!

ಬ್ರಿಟನ್ನಿನ ಬಜೆಟ್ ನಿಗಾ ಸಂಸ್ಥೆ ಒಬಿಆರ್ 2025ರ ಜುಲೈನಲ್ಲಿ ಖರ್ಚಿನ ಲೆಕ್ಕ ಕೊಟ್ಟಿತು. ಸಂಬಳದ ಜೊತೆ ಮಾತ್ರ ಪಿಂಚಣಿ ಏರಿದ್ದರೆ ಆಗುತ್ತಿದ್ದುದಕ್ಕಿಂತ, ಟ್ರಿಪಲ್ ಲಾಕ್‌ನಿಂದ ದಶಕದ ಕೊನೆಗೆ ವರ್ಷಕ್ಕೆ 15.5 ಬಿಲಿಯನ್ ಪೌಂಡ್ ಜಾಸ್ತಿ ಬೀಳುತ್ತದೆ. ಮೊದಲಿನ ಅಂದಾಜಿನ ಮೂರು ಪಟ್ಟು. ಈ ಹೊರೆ ಇಳಿಸಲು ಸರ್ಕಾರಗಳಿಗೆ ಕೈಗೆ ಸಿಗುವ ದಾರಿ ವಯಸ್ಸು ಏರಿಸುವುದು. 2026ರಿಂದ 2028ರೊಳಗೆ ಪಿಂಚಣಿ ವಯಸ್ಸು 66ರಿಂದ 67 ಆಗುತ್ತದೆ. ಮೈಮುರಿದು ದುಡಿದು ಬೇಗ ಆರೋಗ್ಯ ಕೆಟ್ಟವರಿಗೆ ಆ ಒಂದು ವರ್ಷ ತುಂಬಾ ದೊಡ್ಡದು. ವರ್ಷ ವರ್ಷ ಜಾಸ್ತಿ ಏರಿಸಿ, ಬಡವರಿಗೆ ಪಿಂಚಣಿ ಸಿಗುವ ವರ್ಷಗಳನ್ನೇ ಕಡಿಮೆ ಮಾಡುವುದು ಯಾವ ನ್ಯಾಯ?

ರಾಜಕಾರಣಿಗಳು ಕೈಹಾಕಲು ಹೆದರುತ್ತಾರೆ. 2017ರ ಚುನಾವಣೆಯಲ್ಲಿ ಆಗಿನ ಪ್ರಧಾನಿ ಥೆರೇಸಾ ಮೇ ಶೇ 2.5ರ ಖಾತ್ರಿ ತೆಗೆಯುತ್ತೇವೆ ಎಂದರು, ಬಹುಮತವನ್ನೇ ಕಳೆದುಕೊಂಡರು. ಈಗಿನ ಲೇಬರ್ ಸರ್ಕಾರ ತನ್ನ ಅವಧಿ ಮುಗಿಯುವವರೆಗೂ ಲಾಕ್ ಇರುತ್ತದೆ ಎಂದು ಮಾತು ಕೊಟ್ಟಿದೆ. ಅಷ್ಟರಲ್ಲಿ ಇನ್ನೊಂದು ತೊಡಕು ಬಂದು ನಿಂತಿದೆ. 241.30 ಪೌಂಡ್ ವರ್ಷಕ್ಕೆ ಸುಮಾರು 12,548 ಪೌಂಡ್ ಆಗುತ್ತದೆ. ಆದಾಯ ತೆರಿಗೆ ಇಲ್ಲದ ಮಿತಿ 12,570. ಮುಂದಿನ ಏರಿಕೆ ಕನಿಷ್ಠ ಶೇ 2.5 ಆದರೂ ಈ ಗೆರೆ ದಾಟುತ್ತದೆ.

ನನಗೆ ಸರಿ ಅನ್ನಿಸುವುದು ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಎಂಬ ಸಂಶೋಧನಾ ಸಂಸ್ಥೆ 2023ರಲ್ಲಿ ಮುಂದಿಟ್ಟ ದಾರಿ. ಸರಾಸರಿ ಸಂಬಳದ ಎಷ್ಟು ಪಾಲು ಪಿಂಚಣಿ ಇರಬೇಕು ಎಂದು ಮೊದಲು ತೀರ್ಮಾನಿಸಿ, ಅಲ್ಲಿಗೆ ಮುಟ್ಟಿಸಿ. ನಂತರ ಸಂಬಳದ ಜೊತೆ ಏರಲಿ. ಬೆಲೆ ಏರಿಕೆಗಿಂತ ಕಡಿಮೆ ಮಾತ್ರ ಯಾವತ್ತೂ ಏರಬಾರದು. ಆಗ 75 ಪೆನ್ಸ್ ಕಾಲದ ಕುಸಿತವೂ ಇಲ್ಲ, ಎರಡು ಸಲದ ಲಾಭವೂ ಇಲ್ಲ.

ಈ ಚರ್ಚೆಯಲ್ಲಿ ಮರೆತುಹೋಗುವ ಇನ್ನೊಂದು ಗುಂಪಿದೆ, ನಮಗೆ ಹತ್ತಿರದ್ದು. ಬ್ರಿಟನ್ನಿನಲ್ಲಿ ದುಡಿದು, ಪಿಂಚಣಿ ವಯಸ್ಸಿನಲ್ಲಿ ಭಾರತಕ್ಕೆ ಬಂದು ನೆಲೆಸಿದವರಿಗೆ ಏರಿಕೆಯೇ ಇಲ್ಲ. 2016ರಲ್ಲಿ 155.65 ಪೌಂಡ್ ಪಿಂಚಣಿ ಶುರುವಾಗಿ ಮೈಸೂರಿಗೋ ಮಂಗಳೂರಿಗೋ ಬಂದ ಡಾಕ್ಟರ್ ಒಬ್ಬರಿದ್ದರೆ, ಅವರಿಗೆ ಇವತ್ತಿಗೂ ಬರುವುದು ಅಷ್ಟೇ. ಅದೇ ಕಂತು ಕಟ್ಟಿ ಅಮೆರಿಕಕ್ಕೋ ಫಿಲಿಪ್ಪೀನ್ಸ್‌ಗೋ ಹೋದವರಿಗೆ ಪ್ರತಿ ವರ್ಷ ಏರುತ್ತದೆ, ಆ ದೇಶಗಳ ಜೊತೆ ಒಪ್ಪಂದ ಇದೆ ಅಂತ. ಭಾರತ, ಆಸ್ಟ್ರೇಲಿಯಾ, ಕೆನಡಾ ಮೊದಲಾದ ಕಡೆ ಹೀಗೆ ಪಿಂಚಣಿ ನಿಂತುಹೋದವರು ಸುಮಾರು 4.5 ಲಕ್ಷ ಜನ. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲೂ ಅವರಿಗೆ ಸೋಲಾಯಿತು. ಹಳೆ ಬಾಕಿ ಬೇಡ, ಈಗಿರುವ ಮೊತ್ತದ ಮೇಲೆ ಇನ್ನು ಮುಂದಾದರೂ ವರ್ಷದ ಏರಿಕೆ ಕೊಡಿ ಎಂಬಷ್ಟಕ್ಕೆ ಹೋರಾಟಗಾರರು ಇಳಿದು ಬಂದಿದ್ದಾರೆ. ಲಂಡನ್ನಿನ ಯಾವ ಸರ್ಕಾರವೂ ಅದಕ್ಕೆ ಒಪ್ಪಿಲ್ಲ.