ಅಂಟಿಯೂ ಅಂಟದ ಅಕ್ಷರ

ಗೆಳೆಯನೊಬ್ಬ ತನ್ನ ಓದುವ ಕೋಣೆಗೆ ತಮಾಷೆಗೆಂದು ‘ಓದಿನ ಮಠ’ ಎಂದು ಹೆಸರಿಟ್ಟುಕೊಂಡಿದ್ದ. ಆ ಹೆಸರನ್ನು ಗಾಜಿನ ಬಾಗಿಲ ಮೇಲೆ ವಿನೈಲ್ ಅಕ್ಷರಗಳಲ್ಲಿ ಅಂಟಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ನನ್ನಲ್ಲಿ ಪುಟ್ಟದೊಂದು ಕಟಿಂಗ್ ಯಂತ್ರವಿದೆ. ನೋಡಲು ಪ್ರಿಂಟರಿನಂತೆಯೇ ಇದೆ, ಆದರೆ ಶಾಯಿ ಇರಬೇಕಾದ ಜಾಗದಲ್ಲಿ ಚಾಕುವಿನ ಮೊನೆ. ಅಕ್ಷರ ಕತ್ತರಿಸಿ, ಅಂಟಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡು ಬಂದೆ. ಮರುದಿನ ಅವನಿಂದ ಒಂದು ಫೋಟೊ ಬಂತು, ಅದರ ಕೆಳಗೆ ಒಂದೇ ಸಾಲು: ‘ನನ್ನ ಮಠ ಮರವಾಗಿದೆ.’ ಠಕಾರದ ನಡುವಿನ ಚುಕ್ಕೆ ಮಾಯವಾಗಿತ್ತು. ಚುಕ್ಕೆ ಕಳೆದುಕೊಂಡ ಠ ಎಂದರೆ ರ ತಾನೇ!

ಯಂತ್ರವನ್ನು ಬೈಯಲು ಕಾರಣವಿರಲಿಲ್ಲ. ಅದು ಚುಕ್ಕೆಯನ್ನು ಹೇಳಿದ ಜಾಗದಲ್ಲಿ, ಹೇಳಿದ ಅಳತೆಯಲ್ಲಿ ಕತ್ತರಿಸಿತ್ತು. ತಪ್ಪಿದ್ದು ಅಂಟಿನ ಲೆಕ್ಕ. ಈ ಕೆಲಸದಲ್ಲಿ ಕತ್ತರಿಸುವುದೇ ಮುಖ್ಯ ಎಂದು ಹೊಸಬರು ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಅಸಲಿಗೆ ಇದು ಒಂದು ಅಕ್ಷರವನ್ನು ಒಂದು ಅಂಟಿನಿಂದ ಬಿಡಿಸಿ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುವ ಕೆಲಸ. ಕತ್ತರಿಸುವುದು ಅದಕ್ಕೆ ಪೀಠಿಕೆ ಮಾತ್ರ.

ಮೊದಲು ವಸ್ತುವಿನ ಬಗ್ಗೆ. ವಿನೈಲ್ ಎಂದು ನಾವು ಕರೆಯುವುದು ಪಾಲಿವಿನೈಲ್ ಕ್ಲೋರೈಡ್, ಅಂದರೆ ನೀರಿನ ಕೊಳವೆಗಳನ್ನು ಮಾಡುವ ಅದೇ ಪಿವಿಸಿ. (ಕತ್ತಲಲ್ಲಿ ಬೆಳಕು ಬಿದ್ದಾಗ ಹೊಳೆಯುವ ಬಗೆಯನ್ನು ನಮ್ಮವರು ‘ರೇಡಿಯಂ’ ಎನ್ನುತ್ತಾರೆ. ಅದರಲ್ಲಿ ರೇಡಿಯಂ ಎಳ್ಳಷ್ಟೂ ಇಲ್ಲ. ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಇರುತ್ತವೆ.) 1872ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯೂಗೆನ್ ಬೌಮನ್, ಗಾಜಿನ ನಳಿಕೆಯಲ್ಲಿ ಬಿಸಿಲಿಗೆ ಬಿದ್ದ ವಿನೈಲ್ ಕ್ಲೋರೈಡ್ ಅನಿಲ ಬಿಳಿಯ ಘನವಾಗುವುದನ್ನು ಕಂಡಿದ್ದ. ಆದರೆ ಆ ಗಡಸು, ಪೆಡಸು ವಸ್ತುವಿನಿಂದ ಏನು ಮಾಡುವುದೆಂದು ಬಹುಕಾಲ ಯಾರಿಗೂ ಹೊಳೆಯಲಿಲ್ಲ. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್ ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟೊಂದನ್ನು ಹುಡುಕುತ್ತ ಪಿವಿಸಿಯನ್ನು ಬೇಗ ಆವಿಯಾಗದ ದ್ರಾವಕದಲ್ಲಿ ಕಾಯಿಸಿದ. ಅಂಟು ಸಿಗಲಿಲ್ಲ. ಬದಲಿಗೆ ಬಗ್ಗಿಸಿದರೆ ಬಗ್ಗುವ, ಬಿಟ್ಟರೆ ಮೊದಲಿನಂತಾಗುವ ಮುದ್ದೆ ಸಿಕ್ಕಿತು. ದ್ರಾವಕದ ಅಣುಗಳು ಪಾಲಿಮರ್ ಸರಪಳಿಗಳ ನಡುವೆ ನುಸುಳಿ ಅವನ್ನು ಒಂದರಿಂದೊಂದು ದೂರವಿಟ್ಟಿದ್ದವು, ಹಾಗಾಗಿ ಸರಪಳಿಗಳು ಜಾರಾಡಲು ಎಡೆ ಸಿಕ್ಕಿತ್ತು. ಅಂಟು ಹುಡುಕಹೋದವನಿಗೆ ಸಿಕ್ಕ ಈ ಮೆದು ಪಿವಿಸಿಯ ಹಾಳೆ ಮುಂದೆ ಅಂಟಿನ ಬೆನ್ನೇರಿಯೇ ಮನೆಮನೆಗೆ ಬಂದದ್ದು ಕಾಕತಾಳೀಯ.

ಹಾಳೆ ಮಾಡುವ ದಾರಿ ಎರಡು. ಬಿಸಿ ಉರುಳೆಗಳ ನಡುವೆ ಮುದ್ದೆಯನ್ನು ಹಿಂಡಿ ಎಳೆಯುವುದು ಒಂದು. ಈ ‘ಕ್ಯಾಲೆಂಡರ್ಡ್’ ಹಾಳೆ ಅಗ್ಗ, ಆದರೆ ಎಳೆತದ ನೆನಪು ಅದರೊಳಗೆ ಉಳಿದಿರುತ್ತದೆ. ವರ್ಷಗಳು ಕಳೆದಂತೆ ಹಾಳೆ ತುಸುತುಸುವೇ ಕುಗ್ಗಿ ಅಕ್ಷರದ ಅಂಚಿನಲ್ಲಿ ಅಂಟಿನ ಗೆರೆ ಇಣುಕುತ್ತದೆ. ಇನ್ನೊಂದು, ದ್ರವವನ್ನು ತೆಳುವಾಗಿ ಹರಡಿ ಒಲೆಯಲ್ಲಿ ಒಣಗಿಸುವುದು. ಈ ‘ಕಾಸ್ಟ್’ ಹಾಳೆಯನ್ನು ಯಾರೂ ಎಳೆದಿಲ್ಲ, ಆದ್ದರಿಂದ ಅದು ಹೆಚ್ಚು ಕುಗ್ಗುವುದಿಲ್ಲ. ಉಬ್ಬುತಗ್ಗಿನ ಮೈಗೂ ಒಗ್ಗುತ್ತದೆ. ಎರಡರ ದಪ್ಪವೂ ತಲೆಗೂದಲಿನ ಆಸುಪಾಸು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಪಿವಿಸಿಯ ತೂಕದಲ್ಲಿ ಶೇ. 57ರಷ್ಟು ಕ್ಲೋರಿನ್. ಲೇಸರ್‌ನಿಂದ ಸುಟ್ಟು ಕತ್ತರಿಸಲು ಹೋದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊಮ್ಮಿ ಯಂತ್ರವನ್ನೂ ಶ್ವಾಸಕೋಶವನ್ನೂ ಕೊರೆಯುತ್ತದೆ. ಲೇಸರ್ ಕಾಲದಲ್ಲೂ ವಿನೈಲ್‌ಗೆ ಚಾಕುವೇ ಗತಿ.

ಚಾಕುವಿಗೆ ಅಕ್ಷರ ಅರ್ಥವಾಗುವುದಿಲ್ಲ, ದಾರಿ ಮಾತ್ರ ಅರ್ಥವಾಗುತ್ತದೆ. ಫಾಂಟಿನೊಳಗೆ ಪ್ರತಿ ಅಕ್ಷರವೂ ಬಾಹ್ಯರೇಖೆಯಾಗಿ, ಬೆಜಿಯೆ ವಕ್ರಗಳ ಸರಣಿಯಾಗಿ ಕುಳಿತಿರುತ್ತದೆ. ಫ್ರಾನ್ಸಿನ ಎರಡು ಕಾರು ಕಂಪನಿಗಳಲ್ಲಿ, ರೆನೊದಲ್ಲಿ ಪಿಯರ್ ಬೆಜಿಯೆ ಮತ್ತು ಸಿಟ್ರೊಯೆನ್‌ನಲ್ಲಿ ಪಾಲ್ ದ ಕಾಸ್ತೆಲ್‌ಜೊ, ಕಾರಿನ ಮೈಯ ಬಾಗನ್ನು ಗಣಿತಕ್ಕಿಳಿಸಲು ರೂಪಿಸಿದ ವಿಧಾನವಿದು. ಕೆಲವೇ ಬಿಂದುಗಳನ್ನು ಕೊಟ್ಟರೆ ನಡುವಿನ ನುಣುಪಾದ ಬಾಗನ್ನು ಲೆಕ್ಕವೇ ತುಂಬಿಕೊಡುತ್ತದೆ. ಕನ್ನಡಕ್ಕೆ ಇಲ್ಲೊಂದು ಪೇಚು ಇದೆ. ಸಂಯುಕ್ತಾಕ್ಷರಗಳನ್ನು ಜೋಡಿಸುವ ನಿಯಮ ತಿಳಿಯದ ತಂತ್ರಾಂಶ ‘ಕ್ಷ’ವನ್ನು ಕ, ಹಲಂತ, ಷ ಎಂದು ಬಿಡಿಬಿಡಿಯಾಗಿ ಚೆಲ್ಲುತ್ತದೆ. ಸರಿಯಾಗಿ ಜೋಡಿಸಿದರೂ ಒತ್ತಕ್ಷರದ ರೇಖೆ ಮೂಲಾಕ್ಷರದ ರೇಖೆಯ ಮೇಲೆ ಹಾದುಹೋಗಬಹುದು. ಪರದೆಯ ಮೇಲೆ ಎರಡೂ ಕಪ್ಪಾಗಿ ಬೆರೆತು ಒಂದೇ ಆಗಿ ಕಾಣುತ್ತವೆ. ಚಾಕು ಮಾತ್ರ ಎರಡು ರೇಖೆಗಳನ್ನೂ ನಿಷ್ಠೆಯಿಂದ ಕೊಯ್ದು, ಅಕ್ಷರದ ಹೊಟ್ಟೆಯಲ್ಲೇ ಗಾಯ ಮಾಡಿಡುತ್ತದೆ. ಆದ್ದರಿಂದ ಕತ್ತರಿಸುವ ಮುನ್ನ ಆಕಾರಗಳನ್ನು ಬೆಸೆದು ಒಂದೇ ಹೊರರೇಖೆ ಮಾಡಿಕೊಳ್ಳಬೇಕು.

ನನಗೆ ಈ ಯಂತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಚಾಕುವನ್ನು ತಿರುಗಿಸುವ ಬಗೆ. ಅಥವಾ ತಿರುಗಿಸದೇ ಇರುವ ಬಗೆ. ನಾವು ಕಾಗದ ಕೊಯ್ಯುವಾಗ ಬಾಗು ಬಂದಲ್ಲಿ ಮಣಿಕಟ್ಟನ್ನು ತಿರುಗಿಸುತ್ತೇವೆ. ಮನೆಬಳಕೆಯ ಸಾಮಾನ್ಯ ಯಂತ್ರದಲ್ಲಿ ಈ ಮೊನೆಯನ್ನು ತಿರುಗಿಸುವ ಮೋಟಾರು ಇಲ್ಲ. ಒಂದು ಮೋಟಾರು ಹಾಳೆಯನ್ನು ಹಿಂದೆ ಮುಂದೆ ಎಳೆಯುತ್ತದೆ, ಇನ್ನೊಂದು ಚಾಕುವಿನ ತಲೆಯನ್ನು ಅಡ್ಡಡ್ಡ ಒಯ್ಯುತ್ತದೆ. ಹಿಂದೆ ಎಂಜಿನಿಯರಿಂಗ್ ನಕ್ಷೆ ಬಿಡಿಸುತ್ತಿದ್ದ ಪೆನ್ ಪ್ಲಾಟರಿನ ಮೈಕಟ್ಟೇ ಇದು. ಚಾಕು ತನ್ನ ಗೂಡಿನಲ್ಲಿ ಬೇರಿಂಗುಗಳ ನಡುವೆ ಸಡಿಲವಾಗಿ ನಿಂತಿರುತ್ತದೆ. ಗುಟ್ಟು ಇರುವುದು ಮೊನೆಯ ಜಾಗದಲ್ಲಿ: ಅದು ಚಾಕುವಿನ ಅಕ್ಷದ ನೇರಕ್ಕಿಲ್ಲ, ಸುಮಾರು ಕಾಲು ಮಿಲಿಮೀಟರ್ ಪಕ್ಕಕ್ಕಿದೆ. ಕಚೇರಿಯ ಕುರ್ಚಿಯ ಅಡಿಯ ಗಾಲಿಯನ್ನು ನೆನಪಿಸಿಕೊಳ್ಳಿ. ಗಾಲಿ ನೆಲಕ್ಕೆ ತಾಗುವ ಬಿಂದು ಕಂಬಕ್ಕಿಂತ ತುಸು ಹಿಂದೆ ಇರುವುದರಿಂದ, ಕುರ್ಚಿಯನ್ನು ಯಾವ ಕಡೆ ತಳ್ಳಿದರೂ ಗಾಲಿ ತಾನಾಗಿ ಆ ಕಡೆ ತಿರುಗಿ ಹಿಂಬಾಲಿಸುತ್ತದೆ. ಚಾಕುವಿನ ಮೊನೆಯೂ ಅಷ್ಟೆ. ವಿನೈಲ್‌ನ ಪ್ರತಿರೋಧವೇ ಅದಕ್ಕೆ ಚುಕ್ಕಾಣಿ.

ಬಾಗುಗಳಲ್ಲಿ ಇದು ಹಾಯಾಗಿ ನಡೆಯುತ್ತದೆ. ತೊಂದರೆ ಬರುವುದು ಮೂಲೆಗಳಲ್ಲಿ. ಅಕ್ಷ ಮೂಲೆಗೆ ಬಂದು ನಿಂತಾಗ ಮೊನೆ ಇನ್ನೂ ಕಾಲು ಮಿಲಿಮೀಟರ್ ಹಿಂದಿರುತ್ತದೆ. ಆಗಲೇ ದಿಕ್ಕು ಬದಲಿಸಿದರೆ ಮೂಲೆ ದುಂಡಗಾಗುತ್ತದೆ. ಅದಕ್ಕಾಗಿ ತಂತ್ರಾಂಶ ಅಕ್ಷವನ್ನು ಮೂಲೆಯಿಂದ ಕಾಲು ಮಿಲಿಮೀಟರ್ ಮುಂದಕ್ಕೆ ಒಯ್ದು, ಮೊನೆಯನ್ನು ಮೂಲೆಯಲ್ಲೇ ಊರಿಸಿ, ಅದರ ಸುತ್ತ ಸಣ್ಣ ಕಮಾನು ಹೊಡೆಸಿ, ಅನಂತರ ಹೊಸ ದಿಕ್ಕಿಗೆ ಹೊರಡುತ್ತದೆ. ನರ್ತಕಿ ಕಾಲ್ಬೆರಳ ಮೇಲೆ ತಿರುಗಿದ ಹಾಗೆ. ಕನ್ನಡದ ಅಕ್ಷರಗಳಲ್ಲಿ ಚೂಪು ಮೂಲೆಗಳು ಕಡಿಮೆ, ಬಾಗುಗಳೇ ಹೆಚ್ಚು. ಈ ಚಾಕು ನಮ್ಮ ಲಿಪಿಗೆಂದೇ ಹುಟ್ಟಿತೇನೋ ಎನ್ನಿಸುವಷ್ಟು. ತಾಳೆಗರಿಯ ಮೇಲೆ ಕಂಟದಿಂದ ಗೀರುವಾಗ ನೇರ ಗೆರೆಗಳು ಗರಿಯನ್ನು ಸೀಳುತ್ತಿದ್ದುದರಿಂದ ದಕ್ಷಿಣದ ಲಿಪಿಗಳು ದುಂಡಗಾದವು ಎಂದು ಹೇಳುವುದುಂಟು. ಅದು ನಿಜವಿದ್ದರೆ ಲೋಹದ ಮೊನೆಯೊಂದಕ್ಕೆ ಪಳಗಿದ ಅಕ್ಷರಗಳು ಮತ್ತೆ ಲೋಹದ ಮೊನೆಗೇ ಬಂದಿವೆ.

ಆಳದ ಮಾತು ಬೇಗ ಮುಗಿಯುತ್ತದೆ. ವಿನೈಲ್ ಮತ್ತು ಅದರ ಅಂಟಿನ ಪದರ ಪೂರ್ತಿ ಕತ್ತರಿಸಬೇಕು, ಹಾಳೆಯನ್ನು ಹೊತ್ತಿರುವ ಹಿಂಬದಿಯ ಕಾಗದಕ್ಕೆ ಗೀರು ಮಾತ್ರ ಬೀಳಬೇಕು. ಮೊದಲು ಮೂಲೆಯಲ್ಲೊಂದು ಪುಟ್ಟ ಚೌಕ ಕತ್ತರಿಸಿ ಪರೀಕ್ಷಿಸುವವರು ಹಾಳೆ ಉಳಿಸುತ್ತಾರೆ, ಉಳಿದವರು ನನ್ನಂತೆ ಕಲಿಯುತ್ತಾರೆ.

ಇನ್ನು ಆ ಚುಕ್ಕೆ. ಚಾಕು ಅಂಚಿನುದ್ದಕ್ಕೂ ಸಾಗುವಾಗ ವಿನೈಲನ್ನು ಪಕ್ಕಕ್ಕೆ ಎಳೆಯುತ್ತದೆ. ಈ ಉಪಟಳ ಅಂಚಿನ ಉದ್ದಕ್ಕೆ ತಕ್ಕಂತೆ. ಅದನ್ನು ತಡೆದು ನಿಲ್ಲಿಸುವ ಅಂಟಿನ ಹಿಡಿತ ವಿಸ್ತೀರ್ಣಕ್ಕೆ ತಕ್ಕಂತೆ. ಅಕ್ಷರವನ್ನು ಅರ್ಧಕ್ಕೆ ಇಳಿಸಿದರೆ ಅಂಚು ಅರ್ಧವಾಗುತ್ತದೆ, ವಿಸ್ತೀರ್ಣ ಕಾಲುಭಾಗಕ್ಕೆ ಕುಸಿಯುತ್ತದೆ. ಹತ್ತು ಮಿಲಿಮೀಟರ್ ಅಗಲದ ಚುಕ್ಕೆಗೆ ಹೋಲಿಸಿದರೆ ಒಂದು ಮಿಲಿಮೀಟರ್ ಚುಕ್ಕೆಯ ಪ್ರತಿ ಚದರ ಮಿಲಿಮೀಟರ್ ಅಂಟು ಹತ್ತು ಪಟ್ಟು ಅಂಚನ್ನು ಕಾಯಬೇಕು. ಹಾಗಾಗಿ ಸಣ್ಣ ಅಕ್ಷರಗಳಲ್ಲಿ ಮೊದಲು ಕೈಕೊಡುವುದು ಠಕಾರದ ಚುಕ್ಕೆ, ಮಹಾಪ್ರಾಣದ ಹೊಟ್ಟೆ ಸೀಳಿದ ಗೆರೆ. ‘ಧನ’ ನೋಡನೋಡುತ್ತ ‘ದನ’ವಾಗುವುದು ಹೀಗೆ. ದಪ್ಪನೆಯ ಫಾಂಟು ಆರಿಸಿ, ಚುಕ್ಕೆಯನ್ನು ಕೈಯಾರೆ ಹಿಗ್ಗಿಸುವುದೇ ಇದಕ್ಕೆ ಮದ್ದು.

ಕತ್ತರಿಸಿ ಮುಗಿದ ಮೇಲೆ ಅಕ್ಷರವಲ್ಲದ ವಿನೈಲನ್ನೆಲ್ಲ ಚಿಮಟದಿಂದ ಎತ್ತಿ ತೆಗೆಯಬೇಕು. ಇದಕ್ಕೆ ಈ ಕಸುಬಿನಲ್ಲಿ ‘ವೀಡಿಂಗ್’ ಎನ್ನುತ್ತಾರೆ, ಕಳೆ ಕೀಳುವುದು. ಬೆಳೆಯನ್ನೇ ಕಿತ್ತು ಕಳೆಯನ್ನು ಉಳಿಸಿದವನು ನಾನು. ಕಳೆ ಹೋದ ಬಳಿಕ ಕಾಗದದ ಮೇಲೆ ಬಿಡಿಬಿಡಿ ಅಕ್ಷರಗಳು ಉಳಿಯುತ್ತವೆ. ಅವುಗಳ ಅಂತರ ಕೆಡದಂತೆ ಒಟ್ಟಿಗೆ ಎತ್ತಲು ಮೇಲಿನಿಂದ ಟ್ರಾನ್ಸ್‌ಫರ್ ಟೇಪ್ ಹಾಕಿ ಉಜ್ಜುತ್ತೇವೆ, ಕಾಗದವನ್ನು ಸುಲಿಯುತ್ತೇವೆ, ಗಾಜಿಗೆ ಒತ್ತುತ್ತೇವೆ, ಕೊನೆಗೆ ಟೇಪನ್ನು ಬಿಡಿಸುತ್ತೇವೆ. ಕೆಲಸವೆಲ್ಲ ನಿಂತಿರುವುದು ಒಂದು ಶ್ರೇಣಿಯ ಮೇಲೆ: ಕಾಗದದ ಹಿಡಿತಕ್ಕಿಂತ ಟೇಪಿನ ಹಿಡಿತ ಹೆಚ್ಚು, ಟೇಪಿಗಿಂತ ಗಾಜಿನ ಹಿಡಿತ ಹೆಚ್ಚು. ಈ ಕ್ರಮ ಎಲ್ಲಿ ತಲೆಕೆಳಗಾದರೂ ಅಕ್ಷರ ಅಲ್ಲೇ ಮುಷ್ಕರ ಹೂಡುತ್ತದೆ.

ಅಕ್ಷರದ ಬೆನ್ನಿನ ಅಂಟು ಒಂದೇ. ಅದೇ ಅಂಟು ಕಾಗದಕ್ಕೆ ಸಡಿಲವಾಗಿ, ಗಾಜಿಗೆ ಬಿಗಿಯಾಗಿ ಹತ್ತುವುದು ಹೇಗೆ? ಒತ್ತಿದರೆ ಹತ್ತುವ ಈ ಬಗೆಯ ಅಂಟು ಒಣಗಿ ಗಟ್ಟಿಯಾಗುವುದಿಲ್ಲ. ಸದಾ ದ್ರವ ಮತ್ತು ಘನದ ನಡುವೆ ತೂಗುತ್ತಿರುತ್ತದೆ. ದ್ರವದಂತೆ ಹರಿದು ಮೇಲ್ಮೈಯ ಸಣ್ಣ ತಗ್ಗುಗಳನ್ನೆಲ್ಲ ತುಂಬಬೇಕು, ಯಾಕೆಂದರೆ ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಸೆಳೆತ ಕೆಲವೇ ನ್ಯಾನೋಮೀಟರ್ ದೂರಕ್ಕೆ ಮುಗಿದುಹೋಗುತ್ತದೆ. ಎಳೆದಾಗ ಮಾತ್ರ ಘನದಂತೆ ಸೆಣಸಬೇಕು. ತ್ರೀಎಂ ಕಂಪನಿಯ ಕಾರ್ಲ್ ಡಾಲ್‌ಕ್ವಿಸ್ಟ್ 1960ರ ದಶಕದಲ್ಲಿ ಇದಕ್ಕೊಂದು ಮಿತಿ ಗುರುತಿಸಿದ: ಅಂಟಿನ ಬಿಗಿತ ಸುಮಾರು 3 ಲಕ್ಷ ಪಾಸ್ಕಲ್‌ಗಿಂತ ಹೆಚ್ಚಾದರೆ ಅದು ಬೆರಳಿಗೆ ಹತ್ತುವುದಿಲ್ಲ. ಗಡಸು ಪಿವಿಸಿಯ ಬಿಗಿತ ಇದರ ಹತ್ತು ಸಾವಿರ ಪಟ್ಟು.

ಹರಿಯಲು ಅಂಟು ಸಿದ್ಧವಿದ್ದರೆ ಸಾಲದು, ಎದುರಿನ ಮೇಲ್ಮೈಯೂ ಒಪ್ಪಬೇಕು. ಶುದ್ಧ ಗಾಜಿನ ಮೇಲೆ ನೀರು ಹರಡಿಕೊಳ್ಳುತ್ತದೆ, ಪಾಲಿಥೀನ್ ಚೀಲದ ಮೇಲೆ ಹನಿಗಟ್ಟಿ ಉರುಳುತ್ತದೆ. ಗಾಜಿನ ಮೇಲ್ಮೈ ಶಕ್ತಿ ಹೆಚ್ಚು, ಬಂದದ್ದನ್ನು ಅಪ್ಪಿಕೊಳ್ಳುತ್ತದೆ. ಹಿಂಬದಿಯ ಕಾಗದಕ್ಕೆ ಸಿಲಿಕೋನ್ ಲೇಪವಿದೆ. ಅದರ ಮೇಲ್ಮೈ ಶಕ್ತಿ ತೀರಾ ಕಡಿಮೆ. ಅಂಟಿಯೂ ಅಂಟದಂತಿರುವ ಕಲೆ ಅಂಟಿನದಲ್ಲ, ಆ ಕಾಗದದ್ದು. ಬೆರಳಿನ ಜಿಡ್ಡೂ ಗಾಜನ್ನು ಅರೆಬರೆ ಸಿಲಿಕೋನ್ ಕಾಗದವನ್ನಾಗಿ ಮಾಡಬಲ್ಲದು. ಅಂಟಿಸುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಎನ್ನುವುದು ಶಾಸ್ತ್ರಕ್ಕೆ ಹೇಳುವ ಮಾತಲ್ಲ.

ಟೇಪನ್ನು ಬಿಡಿಸುವಾಗ ಹೆಚ್ಚಿನವರು ಮಾಡುವ ತಪ್ಪು ನೇರ ಮೇಲಕ್ಕೆ ಎಳೆಯುವುದು. ಹಾಗೆ ಎಳೆದರೆ ಕೈಯ ಬಲ ಅಕ್ಷರವನ್ನೂ ಮೇಲಕ್ಕೆ ಕರೆಯುತ್ತದೆ. ಟೇಪನ್ನು ಅದರ ಬೆನ್ನ ಮೇಲೆಯೇ ಮಡಚಿ, ಗಾಜಿಗೆ ಸಮಾನಾಂತರವಾಗಿ ಹಿಂದಕ್ಕೆ ಎಳೆದರೆ ಎರಡು ಲಾಭ. ಬೇಕಾಗುವ ಬಲ ನೇರ ಮೇಲಕ್ಕೆ ಎಳೆಯುವಾಗಿನ ಅರ್ಧದಷ್ಟು. ಜೊತೆಗೆ, ಅಕ್ಷರ ಟೇಪಿನ ಹಿಂದೆ ಹೋಗಬೇಕೆಂದರೆ ಅದೂ ಅಷ್ಟೇ ಕಡಿದಾಗಿ ಬಾಗಬೇಕು, ವಿನೈಲ್ ಅದಕ್ಕೆ ಸುಲಭಕ್ಕೆ ಒಪ್ಪುವುದಿಲ್ಲ.

ವೇಗಕ್ಕೂ ಪಾತ್ರವಿದೆ. ಮೆದು ಪಾಲಿಮರನ್ನು ರಪ್ಪನೆ ಎಳೆದರೆ ಹರಿಯಲು ಸಮಯ ಸಿಗದೆ ಗಟ್ಟಿಯಾಗಿ ಹಿಡಿಯುತ್ತದೆ, ಮೆಲ್ಲಗೆ ಎಳೆದರೆ ಬಿಟ್ಟುಕೊಡುತ್ತದೆ. 2006ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಬಳಸಿ ರಬ್ಬರಿನಂಥ ಮುದ್ರೆಯೊಂದರಿಂದ ಸಿಲಿಕಾನ್‌ನ ಅತಿಸಣ್ಣ ತುಣುಕುಗಳನ್ನು ವರ್ಗಾಯಿಸಿ ತೋರಿಸಿದರು. ಬೇಗ ಎತ್ತಿದರೆ ತುಣುಕು ಮುದ್ರೆಗೆ ಬರುತ್ತದೆ, ನಿಧಾನ ಎತ್ತಿದರೆ ಹೊಸ ಜಾಗದಲ್ಲಿ ಉಳಿಯುತ್ತದೆ. ವಿನೈಲ್‌ನ ಎರಡೂ ಮಗ್ಗುಲಲ್ಲಿ ಅಂಟೇ ಇರುವುದರಿಂದ ನಮ್ಮ ಲೆಕ್ಕ ಅಷ್ಟು ಚೊಕ್ಕವಲ್ಲ. ಆದರೂ ಟೇಪನ್ನು ಆತುರದಿಂದ ಕೀಳದಿರಲು ಈ ಕಾರಣ ಸಾಕು.

ಅಂಟು ಮೇಲ್ಮೈಗೆ ಹರಿದು ಕೂರುವುದು ಒಂದು ಕ್ಷಣದ ಕೆಲಸವಲ್ಲ. ಹಿಡಿತ ಗಂಟೆಗಟ್ಟಲೆ ಬಲಿಯುತ್ತ ಹೋಗುತ್ತದೆ, ಅದಕ್ಕೇ ಒಂದು ಹಗಲು ರಾತ್ರಿ ಅಕ್ಷರವನ್ನು ಮುಟ್ಟಬಾರದು, ತೊಳೆಯಬಾರದು. ಇದಕ್ಕೆ ಪುರಾವೆ ನನ್ನಲ್ಲೇ ಇದೆ. ಗೆಳೆಯನ ಫೋಟೊ ಬಂದ ದಿನ ಸಂಜೆ ಆ ಚುಕ್ಕೆ ನನ್ನ ಅಂಗಿಯ ಮೊಣಕೈಯಲ್ಲಿ ಸಿಕ್ಕಿತು. ಕಳೆ ಕೀಳುವಾಗ ಹಾರಿ ಅಲ್ಲಿ ಕೂತಿತ್ತು. ನೂಲಿನ ಎಳೆಗಳ ನಡುವೆ ಅಂಟು ಅಷ್ಟರಲ್ಲಿ ಚೆನ್ನಾಗಿ ಇಳಿದಿತ್ತು. ಉಗುರಿನಿಂದ ಕೆರೆದರೂ ಬರಲಿಲ್ಲ. ಗೆಳೆಯನಿಗೆ ಹೊಸ ಚುಕ್ಕೆ ಕತ್ತರಿಸಿಕೊಟ್ಟೆ, ಈ ಸಲ ಎರಡು ಪಟ್ಟು ಅಗಲ. ಅಂಗಿ ಅದಾದ ಮೇಲೆ ನಾಲ್ಕು ಒಗೆತ ಕಂಡಿದೆ, ಚುಕ್ಕೆ ಇನ್ನೂ ಅಲ್ಲೇ ಇದೆ.