ಪದ ಪರಿಚಯ: ವಾಕ್ ಸ್ವಾತಂತ್ರ್ಯ

ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಒಂದು ಸಣ್ಣ ಧರಣಿ. ಮೈಕ್ ಹಚ್ಚುವ ಮೊದಲು ಹುಡುಗನೊಬ್ಬ ಪೊಲೀಸರು ಕೊಟ್ಟ ಪರವಾನಗಿಯ ಜೆರಾಕ್ಸನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಯಲ್ಲಿಟ್ಟುಕೊಂಡ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು ನಕ್ಕರು. "ಮಾತಾಡ್ಲಿಕ್ಕೂ ಪರವಾನಗಿ ಬೇಕೇನೋ ತಮ್ಮಾ? ನಿಜಾಮನ ಕಾಲದಾಗೂ ಹಿಂಗೇ ಇತ್ತು."

ಅವರು ಹೇಳಿದ್ದು ಅರ್ಧ ಸರಿ.

ವಾಕ್ ಅಂದರೆ ಮಾತು. ಸಂವಿಧಾನದ 19(1)(ಎ) ವಿಧಿ ಇದನ್ನು "ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ" ಎನ್ನುತ್ತದೆ. ಪತ್ರಿಕೆ, ಸಿನಿಮಾ, ಚಿತ್ರ ಎಲ್ಲಾ ಇದರೊಳಗೇ ಬಂತು. ಇದನ್ನು ಬಿಡಿಸಿ ಹೇಳಲು ನಮ್ಮ ಕಡೆ ದಿನಾ ಬಳಸುವ ಎರಡು ಪದ ಸಾಕು: ಪರವಾನಗಿ ಮತ್ತು ಹಕ್ಕು. ಒಂದು ಪಾರ್ಸಿಯಿಂದ ಬಂದದ್ದು, ಇನ್ನೊಂದು ಅರಬ್ಬಿಯಿಂದ. ಪರವಾನಗಿ ಬೇಕಾದ ಕಡೆ ನೀವು ಅರ್ಜಿ ಹಿಡಿದು ಕಾರಣ ಹೇಳಬೇಕು. ಹಕ್ಕು ಇದ್ದ ಕಡೆ, ತಡೆಯಲು ಬಂದ ಸರ್ಕಾರವೇ ಕಾರಣ ಹೇಳಬೇಕು.

ಚರಿತ್ರೆಯಲ್ಲಿ ಜಗಳ ಶುರುವಾದದ್ದೂ ಪರವಾನಗಿಯಿಂದಲೇ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಪುಸ್ತಕ ಅಚ್ಚು ಹಾಕಲು ಮೊದಲೇ ಲೈಸೆನ್ಸ್ ಬೇಕಿತ್ತು. 1689ರ ಹಕ್ಕುಗಳ ಮಸೂದೆಯಲ್ಲಿ ವಾಕ್ ಸ್ವಾತಂತ್ರ್ಯದ ಮಾತು ಬಂತು ನಿಜ, ಆದರೆ ಅದು ಪಾರ್ಲಿಮೆಂಟಿನ ಒಳಗಿನ ಮಾತಿಗೆ ಮಾತ್ರ. ಹೊರಗಿನವರಿಗೆ ಏನೂ ಇಲ್ಲ! ಲೈಸೆನ್ಸ್ ಕಾಯ್ದೆ 1695ರಲ್ಲಿ ಅವಧಿ ಮುಗಿದು ಸುಮ್ನೆ ಬಿದ್ದುಹೋಯಿತು. 1766ರಲ್ಲಿ ಸ್ವೀಡನ್ ಪತ್ರಿಕಾ ಸ್ವಾತಂತ್ರ್ಯವನ್ನು ತನ್ನ ಮೂಲ ಕಾನೂನುಗಳಲ್ಲೇ ಸೇರಿಸಿತು. ಧರ್ಮಶಾಸ್ತ್ರದ ಪುಸ್ತಕಗಳಿಗೆ ಮಾತ್ರ ಸೆನ್ಸಾರ್ ಉಳಿಸಿಕೊಂಡಿತು. 1791ರಲ್ಲಿ ಅಮೆರಿಕ ತನ್ನ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ, ಮಾತಿನ ಸ್ವಾತಂತ್ರ್ಯ ಕಸಿಯುವ ಕಾನೂನನ್ನು ಕಾಂಗ್ರೆಸ್, ಅಂದರೆ ಅಲ್ಲಿನ ಪಾರ್ಲಿಮೆಂಟು, ಮಾಡಕೂಡದು ಎಂದು ಬರೆಯಿತು. ಏಳೇ ವರ್ಷಕ್ಕೆ, 1798ರಲ್ಲಿ, ಅದೇ ಕಾಂಗ್ರೆಸ್ ಸರ್ಕಾರವನ್ನು ಬೈದು ಬರೆದವರಿಗೆ ಜೈಲು ಎಂಬ ಕಾಯ್ದೆ ಮಾಡಿತು. ಬರೆದಿಟ್ಟ ಮಾತ್ರಕ್ಕೆ ಎಲ್ಲಾ ಆಗಿಬಿಡಲ್ಲ, ಅಲ್ವಾ?

ಇನ್ನು ನಮ್ಮ ಊರಿಗೆ ಬರೋಣ. ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ಸುತ್ತೋಲೆಗೆ ಗಸ್ತಿ ಅನ್ನುತ್ತಿದ್ದರು. 53ನೇ ನಂಬರಿನ ಗಸ್ತಿ ಬಲು ಕುಖ್ಯಾತ. ಮೊದಲೇ ಅನುಮತಿ ಪಡೆಯದೆ ಸಾರ್ವಜನಿಕ ಸಭೆ ಮಾಡುವಂತಿಲ್ಲ ಎಂದು ಅದು ಹೇಳುತ್ತಿತ್ತು. ಕಲಬುರಗಿ, ಬೀದರ್, ರಾಯಚೂರಿನವರು ಬದುಕಿದ್ದು ಈ ಸಂಸ್ಥಾನದಲ್ಲಿ. ಬರೆಯುವವರ ಪಾಡು ಇನ್ನೂ ಕಷ್ಟ. ಸಂಸ್ಥಾನ ಭಾರತಕ್ಕೆ ಸೇರಲಿ ಎಂದು ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಂದರು. ಮುಂದಿನ ತಿಂಗಳೇ ಸಂಸ್ಥಾನ ಭಾರತದ ಕೈಗೆ ಬಂತು. 1949ರ ನವೆಂಬರ್ 23ರಂದು, ಭಾರತದ ಸಂವಿಧಾನವೇ ಹೈದರಾಬಾದಿಗೂ ಸಂವಿಧಾನ ಎಂಬ ಫರ್ಮಾನು ಹೊರಟಿತು. ಹೊರಡಿಸಿದ್ದು ಅದೇ ನಿಜಾಮ!

ಸಂವಿಧಾನ ಜಾರಿಯಾಗಿ ಹಕ್ಕು ಬಂದ ನಾಲ್ಕೇ ತಿಂಗಳಿಗೆ ಪರೀಕ್ಷೆಯೂ ಬಂತು. ಮದ್ರಾಸ್ ರಾಜ್ಯ 'ಕ್ರಾಸ್ ರೋಡ್ಸ್' ಎಂಬ ಎಡಪಂಥೀಯ ಪತ್ರಿಕೆ ಒಳಗೆ ಬಾರದಂತೆ ತಡೆದಿತ್ತು. ದೆಹಲಿಯಲ್ಲಿ ಬಲಪಂಥದ 'ಆರ್ಗನೈಸರ್'ಗೆ, ಅಚ್ಚಿಗೆ ಮೊದಲು ತೋರಿಸಿ ಎಂದಿದ್ದರು. ಅಂದರೆ ಮತ್ತೆ ಪರವಾನಗಿ. 1950ರ ಮೇ 26ರಂದು ಸುಪ್ರೀಂ ಕೋರ್ಟ್ ಎರಡೂ ಆದೇಶಗಳನ್ನು ಹೊಡೆದುಹಾಕಿತು. ಮರುವರ್ಷವೇ ಸರ್ಕಾರ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು, ಯಾವ ಕಾರಣಕ್ಕೆ ಮಾತಿಗೆ ನಿರ್ಬಂಧ ಹಾಕಬಹುದು ಎಂದು ಹೇಳುವ 19(2)ಕ್ಕೆ ಸಾರ್ವಜನಿಕ ಸುವ್ಯವಸ್ಥೆಯಂಥ ಹೊಸ ಕಾರಣಗಳನ್ನು ಸೇರಿಸಿತು. ಇದು ನನಗೆ ಹಿಡಿಸದ ತಿದ್ದುಪಡಿ. ಆದರೂ ಅದರಲ್ಲೇ ಒಂದು ಒಳ್ಳೆಯ ಪದವೂ ಒಳಗೆ ಬಂತು: ನಿರ್ಬಂಧ "ಯುಕ್ತ"ವಾಗಿರಬೇಕು. ಯುಕ್ತ ಹೌದೋ ಅಲ್ಲವೋ ಎಂದು ಕೋರ್ಟು ನೋಡಬಹುದು. ಗಸ್ತಿ 53ರ ಮುಂದೆ ಕೇಳಲಾಗದಿದ್ದ ಪ್ರಶ್ನೆ ಇದು.

ಆ ಹಿರಿಯರಿಗೆ ಹುಡುಗ ಕಿಸೆಯ ಕಾಗದ ಬಿಚ್ಚಿ ತೋರಿಸಿದ. "ಇದು ಮೈಕಿಗ್ರಿ ಕಾಕಾ, ಮಾತಿಗಲ್ಲ." ಅವರು ಕನ್ನಡಕ ಏರಿಸಿ ಓದಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಕೊಡಲಿಲ್ಲ ಅಂದ್ರ?" ಎಂದು ಕೇಳಿದರು.

"ಯಾಕ ಅಂತ ಬರೆದು ಕೊಡ್ರಿ ಅಂತ ಕೇಳ್ತೀವಿ."