ಅಜ್ಜಿಗೆ ಬ್ಯಾಟರಿ ಗಾಡಿ ತಂದರೆ ನಡಿಗೆ ನಿಂತುಹೋಗುತ್ತಾ?

ಹಾಸನದ ಓದುಗರೊಬ್ಬರು ಕೇಳಿದ್ದಾರೆ: "ಅಜ್ಜಿಗೆ 78 ವರ್ಷ, ಮಂಡಿನೋವು. ಬೇಲೂರು ನೋಡಬೇಕು ಅಂತಾರೆ. ಪರಿಚಯದವರ ಮನೆಯಲ್ಲಿ, ನಡೆಯಲು ಕಷ್ಟವಿರುವವರು ಕೂತು ಓಡಿಸುವ ಬ್ಯಾಟರಿ ಗಾಡಿ (ಮೊಬಿಲಿಟಿ ಸ್ಕೂಟರ್) ಸುಮ್ನೆ ನಿಂತಿದೆ, ಒಯ್ಯಿರಿ ಅಂದಿದ್ದಾರೆ. ಆದರೆ ಒಮ್ಮೆ ಕೂತು ರೂಢಿಯಾದರೆ ಆಮೇಲೆ ನಡೆಯೋದೇ ಇಲ್ಲ ಅಂತ ಮನೆಯಲ್ಲಿ ಬೇಡ ಅಂತಿದ್ದಾರೆ."

ತನ್ನಿ. ಖಂಡಿತ ತನ್ನಿ.

ಫಿಜಿಯೋಥೆರಪಿ ಕೆಲಸಕ್ಕೆ ಬಂದಾಗಿನಿಂದ ಈ "ರೂಢಿಯಾಗುತ್ತೆ" ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹೇಳುವವರಿಗೆ ಅಜ್ಜಿಯ ಮೇಲೆ ಪ್ರೀತಿಯೇ ಇರುತ್ತದೆ. ಆದರೂ ಅದು ತಪ್ಪು. ಗಾಡಿ ಇಲ್ಲದ ಅಜ್ಜಿಯ ದಿನ ಹೇಗಿರುತ್ತೆ ನೋಡಿ. ಮಂಚದಿಂದ ಬಚ್ಚಲು, ಬಚ್ಚಲಿಂದ ಟಿವಿ ಮುಂದೆ, ಅಲ್ಲಿಂದ ಮತ್ತೆ ಮಂಚ. ಮದುವೆಗೆ ಬರಲ್ಲ, ಜಾತ್ರೆಗೆ ಬರಲ್ಲ. ಕಾಲು ಸೋಲುವುದು ಹೀಗೆ. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದರು. 2007ರಲ್ಲಿ ಅದರ ಫಲಿತಾಂಶ ಬಂತು: ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ಬರೀ 10 ದಿನಕ್ಕೆ!

ಈಗ ಬೇಲೂರಿನ ದಿನ ನೆನೆಸಿಕೊಳ್ಳಿ. ಕಾರು ಇಳಿಯಬೇಕು. ದೇವಸ್ಥಾನದ ಜಗತಿಗೆ, ಅಂದರೆ ಗುಡಿ ನಿಂತಿರುವ ಎತ್ತರದ ಕಲ್ಲುಕಟ್ಟೆಗೆ, ಮೆಟ್ಟಿಲಿದೆ, ಗಾಡಿ ಹತ್ತಲ್ಲ, ಯಾರದಾದರೂ ಕೈ ಹಿಡಿದು ಹತ್ತಬೇಕು. ಮದನಿಕೆಯರನ್ನು ನೋಡುತ್ತಾ ನಾಲ್ಕು ಹೆಜ್ಜೆ ಹಾಕಬೇಕು. ಮನೆಯಲ್ಲಿ ಒಂದು ವಾರ ನಡೆದದ್ದಕ್ಕಿಂತ ಇದೇ ಜಾಸ್ತಿ ಆಗಬಹುದು. ದೂರದ ದಾರಿಯನ್ನು ಗಾಡಿ ನೋಡಿಕೊಂಡರೆ, ಇರುವ ಶಕ್ತಿ ಬೇಕಾದ ಕಡೆ ನಡೆಯಲು ಉಳಿಯುತ್ತದೆ. ಮನೆಯೊಳಗೆ ಮಾತ್ರ ಗಾಡಿ ಬೇಡ. ಅಲ್ಲಿ ನಡೆಯಲಿ.

ಬೇಲೂರು ಪೂಜೆ ನಡೆಯುವ ದೇವಸ್ಥಾನ. ಗಾಡಿ ಎಲ್ಲಿಯವರೆಗೆ ಬಿಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಬಿಸಿಲೇರಿದರೆ ಬರಿಗಾಲಿಗೆ ಕಲ್ಲು ಸುಡುತ್ತೆ, ಬೆಳಿಗ್ಗೆಯೇ ಹೋಗಿ.

ಎರವಲು ಗಾಡಿಯ ಬಗ್ಗೆ ಮೂರು ಮಾತು. ತಿಂಗಳುಗಟ್ಟಲೆ ನಿಂತ ಬ್ಯಾಟರಿ ಪೂರ್ತಿ ಚಾರ್ಜ್ ತೋರಿಸಿದರೂ ಬೇಗ ಕೈಕೊಡುತ್ತದೆ. ಹಿಂದಿನ ದಿನ ನಿಮ್ಮ ಬೀದಿಯಲ್ಲೇ ಓಡಿಸಿ ನೋಡಿ. ಹಿಂದಿನ ಚಕ್ರದ ಹತ್ತಿರ, ಗಾಡಿ ತಳ್ಳಲು ಮೋಟರ್ ಬಿಡಿಸುವ ಲಿವರ್ ಇರುತ್ತದೆ. ಅದು ಬಿಡಿಸಿದ ಸ್ಥಿತಿಯಲ್ಲಿದ್ದರೆ ಮೋಟರಿನ ಬ್ರೇಕ್ ಹಿಡಿಯುವುದಿಲ್ಲ, ಇಳಿಜಾರಲ್ಲಿ ಗಾಡಿ ಉರುಳಿಬಿಡುತ್ತದೆ. ಅಜ್ಜಿ ಕೂರುವ ಮೊದಲು ಪ್ರತಿಸಲ ನೋಡಿ. ಇನ್ನು ಹತ್ತುವಾಗ, ಇಳಿಯುವಾಗ ಕೀ ಆಫ್ ಇರಲೇಬೇಕು. ಆಸರೆಗೆ ಅಂತ ಹ್ಯಾಂಡಲ್ ಹಿಡಿದಾಗ ಕೈ ತಾಗಿ ಗಾಡಿ ಮುಂದೆ ನುಗ್ಗುವುದುಂಟು.

ಯಾರೂ ಕೇಳದ, ಆದರೆ ನಾನು ದಿನಾ ತಿದ್ದುವ ಇನ್ನೊಂದು ವಿಷಯ ಊರುಗೋಲು. ಜಗತಿಯ ಮೇಲೆ ಅಜ್ಜಿಗೆ ಅದು ಬೇಕೇ ಬೇಕು ಅಲ್ವಾ? ಬಲಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಹೆಚ್ಚಿನವರು ನೋವಿರುವ ಕಡೆಯೇ ಹಿಡಿದಿರುತ್ತಾರೆ. ನೋಯುವ ಕಾಲು ಮುಂದಿಡುವಾಗ ಎದುರು ಕೈಯ ಕೋಲೂ ಜೊತೆಗೆ ಮುಂದೆ ಹೋಗಬೇಕು, ಆಗ ಆ ಕಾಲಿನ ಮೇಲೆ ಬೀಳುವ ಭಾರ ಕಡಿಮೆಯಾಗುತ್ತದೆ. ಎತ್ತರ ನೋಡಲು ಅಜ್ಜಿಯನ್ನು ನೇರ ನಿಲ್ಲಿಸಿ, ಕೈ ಇಳಿಬಿಡಿಸಿ. ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು. ಹಾಗೆಯೇ ತುದಿಯ ರಬ್ಬರ್ ತಿರುಗಿಸಿ ನೋಡಿ. ಅದರ ಗೆರೆಗಳು ಸವೆದಿದ್ದರೆ ಹೊರಡುವ ಮೊದಲೇ ಬದಲಾಯಿಸಿ. ಬೇಲೂರಿನ ಕಲ್ಲು ತುಂಬಾ ನುಣುಪು.